ಕೆಂಬೂತ ಅಂದ್ರೆ ಏನು, ಟೀಚರ್? ಮುಂಬಯಿಯಲ್ಲಿದ್ದು ಮಕ್ಕಳಿಗೆ ಹಕ್ಕಿ, ಮರ, ಕಡಲಿನ ಕತೆ ಬರೆಯುವ ಬಗೆ

ಮುಲುಂಡಿನ ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ಒಂದು ದಿನ ಗಾದೆಗಳ ಪಾಠ ನಡೆದಿತ್ತು. ‘ನವಿಲನ್ನು ನೋಡಿ ಕೆಂಬೂತ ಪುಕ್ಕ ತರೆದುಕೊಂಡಿತಂತೆ’ ಅಂದೆ. ಮಕ್ಕಳೆಲ್ಲ ಒಟ್ಟಿಗೆ ಹೇಳಿದರು. ಹಿಂದಿನ ಸಾಲಿನ ಒಬ್ಬ ಹುಡುಗಿ ಕೈ ಎತ್ತಿದಳು. “ಟೀಚರ್, ಕೆಂಬೂತ ಅಂದ್ರೆ ಕೆಂಪು ಭೂತಾನಾ?”

“ಅಲ್ಲಮ್ಮ, ಅದೊಂದು ಹಕ್ಕಿ” ಅಂದೆ. “ಹೇಗಿರುತ್ತೆ?” ಅಂತ ಕೇಳಿದಳು. ನನಗೆ ಹೇಳಲು ಬರಲಿಲ್ಲ. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಮಾಡಿದ್ದೆ. ಆ ಗಾದೆಯನ್ನು ಎಷ್ಟು ಮಕ್ಕಳಿಂದ ಬರೆಸಿದ್ದೆನೋ ಲೆಕ್ಕವಿಲ್ಲ. ಮಕ್ಕಳಿಗಾಗಿ ಕತೆಗಳನ್ನೂ ಬರೆದಿದ್ದೆ. ಆದರೆ ಕೆಂಬೂತವನ್ನು ಇದೇ ಕೆಂಬೂತ ಅಂತ ಗುರುತು ಹಿಡಿದು ನೋಡಿರಲಿಲ್ಲ.

ಅದೇ ವಾರ ನಮ್ಮ ಸೊಸೈಟಿಯ ಹಿಂದಿನ ಕಂಪೌಂಡಿನ ಪೊದೆಯಲ್ಲಿ ಒಂದು ದೊಡ್ಡ ಹಕ್ಕಿ ನಡೆದು ಹೋಗುತ್ತಿತ್ತು. ಕಾಗೆಯಷ್ಟು ಗಾತ್ರ. ಕಪ್ಪು ಮೈ, ಇಟ್ಟಿಗೆ ಬಣ್ಣದ ರೆಕ್ಕೆ, ಉದ್ದ ಬಾಲ, ಕೆಂಪು ಕಣ್ಣು. ವಾಚ್‌ಮನ್ ರತ್ನಾಗಿರಿ ಕಡೆಯವನು. “ಭಾರದ್ವಾಜ್ ದಿಸಲಾ ಬಾಯಿ, ಆಜ್ ದಿವಸ್ ಚಾಂಗ್ಲಾ” ಅಂದ. ಅದು ಕಂಡರೆ ದಿನ ಒಳ್ಳೆಯದಾಗುತ್ತದೆ ಅಂತ ಅವರ ಕಡೆ ನಂಬಿಕೆ. ಮೊಬೈಲಿನಲ್ಲಿ ಫೋಟೊ ತೆಗೆದು ಕಟ್ಟಡದಲ್ಲೆಲ್ಲ ತೋರಿಸಿದೆ. ಎರಡನೇ ಮಹಡಿಯ ತುಳು ಮಾತಾಡುವ ಅಜ್ಜಿ “ಕುಪ್ಪುಳು” ಅಂದರು. ಹಾಸನದಿಂದ ಬಂದ ಸೊಸೆಯೊಬ್ಬಳು “ರತ್ನಪಕ್ಷಿ” ಅಂದಳು. ಸಂಘದಲ್ಲಿ ಸಿಕ್ಕ ಹಿರಿಯರೊಬ್ಬರು “ನಮ್ಮಲ್ಲಿ ಇದಕ್ಕೆ ಸಾಂಬಾರಕಾಗೆ ಅಂತಾರೆ, ಪುಸ್ತಕದಲ್ಲಿ ಕೆಂಬೂತ ಅಂತ ಬರೀತಾರೆ” ಅಂದರು. ನನ್ನ ಅಡುಗೆಮನೆ ಕಿಟಕಿಯ ಹೊರಗೆ ಇಷ್ಟು ವರ್ಷ ‘ಊಪ್ ಊಪ್ ಊಪ್’ ಅಂತ ಕೂಗುತ್ತಿದ್ದದ್ದು ಅದೇ!

ಅಲ್ಲಿಂದ ನಾನು ಬರೆಯುವ ರೀತಿಯೇ ಬದಲಾಯಿತು. ಮುಂಬಯಿಯಂಥ ಊರಲ್ಲಿದ್ದು ಮಕ್ಕಳಿಗೆ ಪ್ರಕೃತಿಯ ಕತೆ ಬರೆಯಬೇಕು ಅನ್ನುವವರಿಗೆ ನಾನು ಮೊದಲು ಹೇಳುವ ಮಾತು ಇದು: ಕತೆಗಿಂತ ಮೊದಲು ಹೆಸರು ಬೇಕು. ಹೆಸರುಗಳು ನಮ್ಮ ಜನರ ಹತ್ತಿರ ಇವೆ. ಹೋಗಿ ಕೇಳಬೇಕು ಅಷ್ಟೆ. ಹೇಗೆ ಕೇಳುವುದು, ಎಲ್ಲಿ ಓಡಾಡುವುದು, ಹೇಗೆ ಬರೆಯುವುದು, ಬರೆದದ್ದನ್ನು ಹೇಗೆ ಹಂಚುವುದು ಅಂತ ನನಗೆ ತಿಳಿದಷ್ಟು ಇಲ್ಲಿ ಬರೆದಿದ್ದೇನೆ.

ಒಂದೇ ಜಾಗ ಹಿಡಿಯಿರಿ

ಶುರುವಿನಲ್ಲೇ ಬೋರಿವಲಿಯ ನ್ಯಾಶನಲ್ ಪಾರ್ಕಿಗೆ ಓಡಬೇಡಿ. ಮನೆಯಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ಜಾಗ ಆರಿಸಿಕೊಳ್ಳಿ. ಒಂದು ಮರ ಸಾಕು. ನಾಲೆಯ ಪಕ್ಕದ ಗೋಡೆಯೂ ಸಾಕು. ವಾರಕ್ಕೆ ಎರಡು ಸಲ, ಹದಿನೈದು ನಿಮಿಷ, ಸುಮ್ನೆ ನಿಂತು ನೋಡಿ. ಒಂದು ವರ್ಷ ಬಿಡದೆ ನೋಡಿ.

ನನ್ನದು ಗೇಟಿನ ಹತ್ತಿರದ ಮಳೆಮರ. ಮುಂಬಯಿಯ ಎಷ್ಟೋ ರಸ್ತೆಗಳಿಗೆ ನೆರಳು ಕೊಡುವ ಮರ ಅದು. ಮೂಲ ಅಮೆರಿಕ ಖಂಡದ್ದು. ಸಂಜೆಯಾದರೆ ಎಲೆಗಳನ್ನು ಮಡಚಿಕೊಳ್ಳುತ್ತದೆ. ಮೋಡ ದಟ್ಟವಾದಾಗಲೂ ಮಡಚಿಕೊಳ್ಳುತ್ತದೆ. ಇದನ್ನು ಪುಸ್ತಕದಲ್ಲಿ ಓದಿದ್ದೆ. ಆದರೆ ಸಂಜೆ ಆರೂವರೆಗೆ ಮಕ್ಕಳನ್ನು ಅದರ ಕೆಳಗೆ ನಿಲ್ಲಿಸಿ ಮೇಲೆ ನೋಡಲು ಹೇಳಿದಾಗ, ಮಧ್ಯಾಹ್ನ ಕಾಣದಿದ್ದ ಆಕಾಶ ಎಲೆಗಳ ಮಧ್ಯೆ ಕಾಣತೊಡಗಿತು. “ಟೀಚರ್, ಮರ ಕಿಟಕಿ ತೆಗೀತು” ಅಂತ ಒಬ್ಬ ಹುಡುಗ ಅಂದ. ಆ ಮಾತು ನನಗೆ ನಾಲ್ಕು ಗೋಡೆಯ ಒಳಗೆ ಎಂದೂ ಹೊಳೆಯುತ್ತಿರಲಿಲ್ಲ.

ಒಂದು ನೂರು ಪುಟದ ನೋಟ್‌ಬುಕ್ ಇಟ್ಟುಕೊಳ್ಳಿ. ತಾರೀಕು, ಹೊತ್ತು, ಬಿಸಿಲೋ ಮೋಡವೋ ಬರೆಯಿರಿ. ಆಮೇಲೆ ಕಂಡದ್ದನ್ನು ಬರೆಯಿರಿ. ಒಂದೇ ಒಂದು ನಿಯಮ: ‘ಇತ್ತು’ ಅಂತ ಬರೆಯಬಾರದು. ‘ಕೊಂಬೆಯಲ್ಲಿ ಅಳಿಲು ಇತ್ತು’ ಅನ್ನುವುದು ಕತೆಗೆ ಬರುವುದಿಲ್ಲ. ಅಳಿಲು ಏನು ಮಾಡಿತು? ಬಾಲ ಕುಣಿಸಿತಾ? ತಲೆಕೆಳಗಾಗಿ ಇಳಿಯಿತಾ? ಕಾಗೆ ಬಂದಾಗ ಕಾಂಡದ ಆ ಕಡೆಗೆ ಸರಿದು ಅಡಗಿತಾ? ಮಕ್ಕಳಿಗೆ ಬೇಕಾದದ್ದು ಅದು ಮಾಡಿದ ಕೆಲಸ. ಕೆಲಸ ಸಿಕ್ಕರೆ ಕತೆಯ ಅರ್ಧ ಸಿಕ್ಕ ಹಾಗೆ.

ವರ್ಷ ತುಂಬುವಾಗ ಆ ನೋಟ್‌ಬುಕ್ಕಿನಲ್ಲಿ ಮುಂಬಯಿಯ ಋತುಗಳು ಬಂದು ಕೂತಿರುತ್ತವೆ. ಚಳಿಗಾಲ ಮುಗಿಯುವಾಗ ಬೂರುಗದ ಮರ ಎಲೆ ಉದುರಿಸಿ ಕೆಂಪು ಹೂ ಬಿಡುತ್ತದೆ. ಮೈನಾ, ಕಾಗೆ, ಕಾಜಾಣ, ಅಳಿಲು ಎಲ್ಲ ಅಲ್ಲಿಗೇ ಬರುತ್ತವೆ. ಬೇಸಿಗೆಯಲ್ಲಿ ಗುಲ್‌ಮೊಹರ್ ಅರಳುತ್ತದೆ, ಅದರ ಜೊತೆಗೆ ಹೊಳೆದಾಸವಾಳದ ನೇರಳೆ ಹೂ. ಮಹಾರಾಷ್ಟ್ರದ ರಾಜ್ಯ ಹೂ ಅದೇ, ಇಲ್ಲಿ ತಾಮಣ ಅನ್ನುತ್ತಾರೆ. ಇದನ್ನೆಲ್ಲ ನೀವೇ ಕಣ್ಣಾರೆ ನೋಡಿ ಬರೆದುಕೊಂಡಿದ್ದರೆ ಕತೆಯಲ್ಲಿ ತಪ್ಪು ತಿಂಗಳಲ್ಲಿ ತಪ್ಪು ಹೂ ಅರಳುವುದಿಲ್ಲ.

ಹೆಸರಿನ ಡಬ್ಬಿ

ಇದು ನನಗೆ ಎಲ್ಲಕ್ಕಿಂತ ಪ್ರೀತಿಯ ಕೆಲಸ. ಹಳೆಯ ಸ್ಟೀಲ್ ಡಬ್ಬಿಯೊಂದರಲ್ಲಿ ಅಂಗೈ ಅಗಲದ ರಟ್ಟಿನ ಚೀಟಿಗಳನ್ನು ಇಟ್ಟಿದ್ದೇನೆ. ಒಂದು ಚೀಟಿಗೆ ಒಂದು ಜೀವಿ. ಮೇಲೆ ಪುಸ್ತಕದ ಕನ್ನಡ ಹೆಸರು. ಕೆಳಗೆ ಮನೆಮಾತಿನ ಹೆಸರುಗಳು. ಯಾವ ಹೆಸರನ್ನು ಯಾವ ಊರಿನವರು ಹೇಳಿದರು, ಯಾವತ್ತು ಹೇಳಿದರು ಅಂತಲೂ ಬರೆಯುತ್ತೇನೆ. ಮರಾಠಿ ಹೆಸರು ಖಂಡಿತ ಬೇಕು. ನಮ್ಮ ಮಕ್ಕಳು ಆಟದ ಮೈದಾನದಲ್ಲಿ ಕೇಳುವುದು ಅದನ್ನೇ.

ಮುಂಬಯಿಯ ಕನ್ನಡಿಗರು ಒಂದೇ ಕಡೆಯಿಂದ ಬಂದವರಲ್ಲ, ಅಲ್ವಾ? ಉಡುಪಿ, ಮಂಗಳೂರು, ಉತ್ತರ ಕನ್ನಡ, ಕಲಬುರಗಿ, ವಿಜಯಪುರ, ಬೆಳಗಾವಿ, ಮೈಸೂರು ಕಡೆಯವರೆಲ್ಲ ಇದ್ದಾರೆ. ಒಂದೇ ಕಟ್ಟಡದಲ್ಲಿ ನಾಲ್ಕು ಕಡೆಯ ಕನ್ನಡ ಸಿಗುತ್ತದೆ. ಕರ್ನಾಟಕದ ಒಂದು ಹಳ್ಳಿಯಲ್ಲಿ ಕೂತು ಬರೆಯುವವರಿಗೆ ಇಷ್ಟು ಸುಲಭವಾಗಿ ಈ ಸಂಪತ್ತು ಸಿಗುವುದಿಲ್ಲ.

ನಾನು ಕುಮಟಾ ಹತ್ತಿರ, ಅಘನಾಶಿನಿ ಹೊಳೆಯ ದಂಡೆಯಲ್ಲಿ ಬೆಳೆದವಳು. ಹೊಳೆ ಇಳಿದಾಗ ಹೆಂಗಸರು ಕೆಸರಿನಲ್ಲಿ ಬಳಚು ಆರಿಸುತ್ತಿದ್ದರು. ಅದೇ ಕಪ್ಪೆಚಿಪ್ಪಿಗೆ ತುಳುವಿನಲ್ಲಿ ಮರುವಾಯಿ ಅಂತಾರೆ. ಇಲ್ಲಿಯ ಮೀನು ಮಾರ್ಕೆಟ್ಟಿನಲ್ಲಿ ತಿಸ್ರ್ಯಾ. ಇನ್ನೊಂದು ಹೇಳುತ್ತೇನೆ. ಖಾಡಿಯ, ಅಂದರೆ ಕಡಲಿನ ನೀರು ಒಳಗೆ ನುಗ್ಗಿ ಬರುವ ಜಾಗದ, ಕೆಸರಿನಲ್ಲಿ, ಉಪ್ಪುನೀರಿನಲ್ಲಿ ಬೆಳೆಯುವ ಗಿಡಗಳ ಕಾಡಿಗೆ ನಮ್ಮ ಕರಾವಳಿಯಲ್ಲಿ ಕಾಂಡ್ಲಾ ಅಂತಾರೆ. ಇಲ್ಲಿ ಮರಾಠಿಯಲ್ಲಿ ಕಾಂದಳವನ. ಕಾಂಡ್ಲಾ, ಕಾಂದಳ. ಮೊದಲ ಸಲ ಒಂದು ಬೋರ್ಡಿನಲ್ಲಿ ಆ ಹೆಸರು ಓದಿದಾಗ ನನಗೆ ಊರಿನ ವಾಸನೆಯೇ ಬಂದ ಹಾಗಾಯಿತು. ಮದುವೆಯಾಗಿ ಬಂದ ಮೇಲೆ ಈ ಊರು ನನ್ನದು ಅಂತ ಅನಿಸಲು ಎಷ್ಟೋ ವರ್ಷ ಬೇಕಾಗಿತ್ತು. ಆ ಒಂದು ಶಬ್ದ ಆ ಕೆಲಸವನ್ನು ಮಾಡಿತು.

ಕೇಳುವುದಕ್ಕೂ ಒಂದು ರೀತಿ ಇದೆ. ಅಜ್ಜಿಯ ಮುಂದೆ ಫೋಟೊ ಹಿಡಿದು “ಇದರ ಹೆಸರೇನು?” ಅಂತ ಕೇಳಿದರೆ ಪರೀಕ್ಷೆಯ ಹಾಗಾಗುತ್ತದೆ. “ಗೊತ್ತಿಲ್ಲಮ್ಮ” ಅಂದುಬಿಡುತ್ತಾರೆ. “ಅಜ್ಜಿ, ನೀವು ಚಿಕ್ಕವರಿದ್ದಾಗ ಇದು ನಿಮ್ಮ ತೋಟಕ್ಕೆ ಬರ್ತಿತ್ತಾ?” ಅಂತ ಕೇಳಿ. ಹೆಸರು ತಾನಾಗಿ ಬರುತ್ತದೆ, ಅದರ ಜೊತೆಗೆ ಒಂದು ಕತೆಯೂ ಬರುತ್ತದೆ. ಕುಪ್ಪುಳು ಅಂದ ಆ ಅಜ್ಜಿ, ತನ್ನ ತಾಯಿ ಬೆಳಿಗ್ಗೆ ಅದರ ಕೂಗು ಕೇಳಿ ಹಟ್ಟಿಗೆ ಹೋಗುತ್ತಿದ್ದದ್ದನ್ನು ಅರ್ಧ ಗಂಟೆ ಹೇಳಿದರು. ಮೀನು ಮಾರುವ ಕೋಳಿ ಮಾವಶಿಯರನ್ನು, ಅಂದರೆ ಇಲ್ಲಿಯ ಮೀನುಗಾರ ಸಮುದಾಯದ ಹೆಂಗಸರನ್ನು, ಮಾತಾಡಿಸುವುದಾದರೆ ವ್ಯಾಪಾರದ ಹೊತ್ತಿನಲ್ಲಿ ಬೇಡ. ಮಧ್ಯಾಹ್ನ ಬುಟ್ಟಿ ಖಾಲಿಯಾಗುವ ಹೊತ್ತಿಗೆ ಹೋಗಿ. ಏನಾದರೂ ಕೊಂಡುಕೊಂಡೇ ಕೇಳಿ.

ಕನ್ನಡ ಸಂಘಗಳನ್ನು ಮರೆಯಬೇಡಿ. ಮಾಟುಂಗದ ಮೈಸೂರ್ ಅಸೋಸಿಯೇಷನ್ 1926ರಿಂದ ಇದೆ. ಮುಂಬಯಿ ಕರ್ನಾಟಕ ಸಂಘ ಇದೆ. ಡೊಂಬಿವಿಲಿಯಲ್ಲೂ ಕರ್ನಾಟಕ ಸಂಘ ಇದೆ. ಇನ್ನೂ ಎಷ್ಟೋ ಕಡೆ ಇವೆ. ನಾಟಕ, ಯಕ್ಷಗಾನ, ಸನ್ಮಾನದ ಕಾರ್ಯಕ್ರಮ ಯಾವುದೇ ಇರಲಿ, ಚಹಾ ವಿರಾಮದಲ್ಲಿ ಹಿರಿಯರು ಒಟ್ಟಿಗೆ ಕೂತಿರುತ್ತಾರೆ. ನನ್ನ ಡಬ್ಬಿಯ ಅರ್ಧ ಚೀಟಿಗಳು ಆ ಹದಿನೈದು ನಿಮಿಷಗಳಲ್ಲಿ ಬಂದವು. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ 1978ರಿಂದ ಕಲಿನಾದಲ್ಲಿ ಇದೆ. ಹೆಸರುಗಳ ಬಗ್ಗೆ, ಉಪಭಾಷೆಗಳ ಬಗ್ಗೆ ಆಸಕ್ತಿ ಇರುವವರು ಅಲ್ಲಿ ಸಿಗುತ್ತಾರೆ.

ಸಿಕ್ಕ ಹೆಸರನ್ನು ಸರಿ ನೋಡಿಕೊಳ್ಳಬೇಕು. ಒಂದು ಊರಿನಲ್ಲಿ ಒಂದು ಹಕ್ಕಿಗೆ ಹೇಳುವ ಹೆಸರನ್ನು ಪಕ್ಕದ ಊರಿನಲ್ಲಿ ಬೇರೆ ಹಕ್ಕಿಗೆ ಹೇಳುವುದುಂಟು. ಅದಕ್ಕೇ ಫೋಟೊ ತೋರಿಸಿ ಕೇಳುವುದು. ಜೀವಿ ಯಾವುದು ಅಂತ ನಿಮಗೇ ಅನುಮಾನವಿದ್ದರೆ ಐನ್ಯಾಚುರಲಿಸ್ಟ್ ಆ್ಯಪಿನಲ್ಲಿ ಫೋಟೊ ಹಾಕಿ. ತಿಳಿದವರು ನೋಡಿ ಹೇಳುತ್ತಾರೆ. ಹಕ್ಕಿ, ಪ್ರಾಣಿ, ಗಿಡಗಳನ್ನು ಅಭ್ಯಾಸ ಮಾಡುವ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ನಮ್ಮ ಊರಲ್ಲೇ ಇದೆ, 1883ರಿಂದ. ಗೋರೆಗಾಂವದಲ್ಲಿ ಕಾಡಿನ ಅಂಚಿಗೆ ಅವರ ಶಿಕ್ಷಣ ಕೇಂದ್ರವೂ ಇದೆ, ಮಕ್ಕಳನ್ನು ಕರೆದುಕೊಂಡು ಹೋಗಬಹುದು.

ಈ ಸೊಸೈಟಿಯ ಒಂದು ಕತೆಯನ್ನು ನಾನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. ಸಲೀಂ ಅಲಿ ಹುಟ್ಟಿದ್ದು ಇದೇ ಮುಂಬಯಿಯಲ್ಲಿ, 1896ರಲ್ಲಿ. ಹುಡುಗನಾಗಿದ್ದಾಗ ಆಟದ ಬಂದೂಕಿನಿಂದ ಒಂದು ಗುಬ್ಬಿ ಹೊಡೆದರು. ಅದರ ಕುತ್ತಿಗೆಯಲ್ಲಿ ಹಳದಿ ಗುರುತು. ಇದು ಯಾವ ಹಕ್ಕಿ ಅಂತ ಮನೆಯಲ್ಲಿ ಹೇಳುವವರಿರಲಿಲ್ಲ. ಕೇಳಿಕೊಂಡು ಸೊಸೈಟಿಗೆ ಹೋದರು. ಅಲ್ಲಿ ಮಿಲ್ಲರ್ಡ್ ಅನ್ನುವವರು ಹೆಸರು ಹೇಳಿದರು, ಆಮೇಲೆ ಅಲ್ಲಿ ಜೋಡಿಸಿಟ್ಟಿದ್ದ ಬೇರೆ ಹಕ್ಕಿಗಳನ್ನೂ ತೋರಿಸಿದರು. ಆ ಹುಡುಗ ಮುಂದೆ ಇಡೀ ದೇಶಕ್ಕೆ ಹಕ್ಕಿ ನೋಡುವುದನ್ನು ಕಲಿಸಿದರು. ಒಂದು ಮಗು “ಇದರ ಹೆಸರೇನು?” ಅಂತ ಕೇಳಿದಾಗ ಒಬ್ಬ ದೊಡ್ಡವರು ಸಮಯ ಕೊಟ್ಟರು. ಕೆಂಬೂತ ಏನು ಅಂತ ಕೇಳಿದ ಹುಡುಗಿಗೆ ನಾನು ಉತ್ತರ ಹುಡುಕಿಕೊಂಡು ಹೋದದ್ದು ಇದನ್ನು ನೆನೆದೇ.

ಲೋಕಲ್ ಟ್ರೇನಿನಲ್ಲಿ ಮಕ್ಕಳ ಜೊತೆ ಹೋಗುವಾಗ ಇನ್ನೊಂದು ಆಟ ಆಡಿ. ಊರಿನ ಹೆಸರುಗಳಲ್ಲಿ ಮರ ಹುಡುಕುವ ಆಟ. ಚಿಂಚ್‌ಪೋಕ್ಲಿಯಲ್ಲಿ ಚಿಂಚ ಇದೆ, ಅಂದರೆ ಹುಣಸೆ. ಫಣಸವಾಡಿಯಲ್ಲಿ ಹಲಸು. ಉಮರ್‌ಖಾಡಿಯಲ್ಲಿ ಉಂಬರ, ಅಂದರೆ ಅತ್ತಿ. ಈಗ ಅಲ್ಲಿ ಆ ಮರ ಇದೆಯಾ ಅಂತ ಮಕ್ಕಳೇ ಕೇಳುತ್ತಾರೆ.

ಎಲ್ಲಿಗೆ, ಯಾವ ಹೊತ್ತಿಗೆ

ಮನೆಯ ಹತ್ತಿರದ ಜಾಗ ಪರಿಚಯವಾದ ಮೇಲೆ ದೂರ ಹೋಗಿ. ನನ್ನ ಮೊದಲ ಆಯ್ಕೆ ಯಾವತ್ತೂ ಕಡಲ ದಂಡೆ. ಮರಳಿನ ದಂಡೆಗಿಂತ ಕಲ್ಲಿನ ದಂಡೆ ಒಳ್ಳೆಯದು. ಹಾಜಿ ಅಲಿ, ಬಾಂದ್ರಾದ ಕಾರ್ಟರ್ ರೋಡ್ ಕಡೆ ನೀರು ಇಳಿದಾಗ ಕಲ್ಲಿನ ಗುಂಡಿಗಳಲ್ಲಿ ನೀರು ನಿಂತಿರುತ್ತದೆ. ಒಂದೊಂದು ಗುಂಡಿಯೂ ಒಂದೊಂದು ಮನೆ. ಸನ್ಯಾಸಿ ಏಡಿ ಬೇರೆಯವರ ಚಿಪ್ಪು ಹೊತ್ತು ಓಡಾಡುತ್ತದೆ. ಮೈ ದೊಡ್ಡದಾದರೆ ಚಿಪ್ಪು ಬದಲಿಸುತ್ತದೆ. ಬಾಡಿಗೆ ಮನೆ ಬದಲಿಸಿದ ಮುಂಬಯಿ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ!

ಹೊತ್ತು ನೋಡಿ ಹೋಗದಿದ್ದರೆ ನೀರು ಬಿಟ್ಟು ಏನೂ ಕಾಣುವುದಿಲ್ಲ. ಕೋಳಿ ಮಾವಶಿಯೊಬ್ಬರು ನನಗೆ ಒಂದು ಲೆಕ್ಕ ಕಲಿಸಿದರು, ಕೊಂಕಣದಲ್ಲೆಲ್ಲ ಬಳಕೆಯಲ್ಲಿರುವ ಲೆಕ್ಕ ಅದು. ಪಂಚಾಂಗದಲ್ಲಿ ತಿಥಿ ನೋಡಿ. ತಿಥಿಯ ಮುಕ್ಕಾಲು ಭಾಗ ಮಾಡಿ. ಅದೇ ಭರತದ, ಅಂದರೆ ಉಬ್ಬರದ, ಗಂಟೆ. ಚೌತಿಯಾದರೆ ನಾಲ್ಕರ ಮುಕ್ಕಾಲು ಮೂರು. ಮೂರು ಗಂಟೆಯ ಹೊತ್ತಿಗೆ ನೀರು ತುಂಬಿರುತ್ತದೆ. ಅದಕ್ಕಿಂತ ಆರು ಗಂಟೆ ಹಿಂದೆ, ಅಂದರೆ ಬೆಳಿಗ್ಗೆ ಒಂಬತ್ತರ ಹೊತ್ತಿಗೆ, ನೀರು ಇಳಿದಿರುತ್ತದೆ. ಒಂದು ಗಂಟೆ ಆಚೀಚೆ ಆಗಬಹುದು. ಅದಕ್ಕೇ ಹೊರಡುವ ಮೊದಲು ಆ ದಿನದ ಉಬ್ಬರ ಇಳಿತದ ಪಟ್ಟಿಯನ್ನು ಮೊಬೈಲಿನಲ್ಲಿ ನೋಡಿಯೇ ಹೋಗಿ. ಆದರೆ ಮಕ್ಕಳಿಗೆ ಈ ಲೆಕ್ಕ ಕಲಿಸಿ. ಗೋಡೆಯ ಕ್ಯಾಲೆಂಡರು, ಆಕಾಶದ ಚಂದ್ರ, ಕಡಲಿನ ನೀರು ಮೂರೂ ಒಂದಕ್ಕೊಂದು ಸೇರಿವೆ ಅಂತ ಗೊತ್ತಾದಾಗ ಅವರ ಮುಖ ನೋಡಬೇಕು.

ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಬಿದಿಗೆ, ತದಿಗೆಯ ಬೆಳಿಗ್ಗೆ ಮಕ್ಕಳ ಜೊತೆ ಹೋಗಲು ಹೇಳಿ ಮಾಡಿಸಿದ ಹೊತ್ತು. ನೀರು ಪೂರ್ತಿ ಇಳಿಯುವುದಕ್ಕೆ ಒಂದು ಗಂಟೆ ಮೊದಲೇ ತಲುಪಿ. ನೀರು ತಿರುಗಿತು ಅಂತ ಕಂಡ ಕೂಡಲೇ ಮೇಲೆ ಬನ್ನಿ. ಗಟ್ಟಿ ಹಿಡಿತದ ಬೂಟು ಹಾಕಿಸಿ. ಜೀವ ಇರುವ ಚಿಪ್ಪನ್ನು ಎತ್ತಬಾರದು, ಕೆಲವು ಶಂಖದ ಹುಳುಗಳು ವಿಷದ ಮುಳ್ಳು ಚುಚ್ಚುತ್ತವೆ. ಕಲ್ಲು ಮಗುಚಿ ನೋಡಿದರೆ ಮತ್ತೆ ಇದ್ದ ಹಾಗೆ ಇಡಬೇಕು. ಮಳೆಗಾಲದಲ್ಲಿ ಕಲ್ಲಿನ ಮೇಲೆ ಹೋಗಲೇಬೇಡಿ. ಆಗ ನೀಲಿ ಬಲೂನಿನ ಹಾಗೆ ಕಾಣುವ ವಿಷದ ಅಂಬಲಿಮೀನುಗಳು ದಂಡೆಗೆ ಬಂದು ಬೀಳುತ್ತವೆ, ಮುಟ್ಟಿದರೆ ಸುಟ್ಟ ಹಾಗೆ ಉರಿಯುತ್ತದೆ. ಮೊದಲ ಸಲ ಹೋಗುವವರು ಮರೈನ್ ಲೈಫ್ ಆಫ್ ಮುಂಬೈ ಬಳಗದವರು ನಡೆಸುವ ದಂಡೆಯ ನಡಿಗೆಗೆ ಸೇರಿಕೊಂಡರೆ ಒಳ್ಳೆಯದು. ತಿಳಿದವರ ಕಣ್ಣು ಜೊತೆಗಿದ್ದರೆ ನಮಗೆ ಕಾಣುವುದು ಹತ್ತು ಪಟ್ಟು.

ಚಳಿಗಾಲದಿಂದ ಬೇಸಿಗೆಯವರೆಗೆ ರಾಜಹಂಸಗಳು ಬರುತ್ತವೆ. ಮರಾಠಿಯಲ್ಲಿ ರೋಹಿತ. ನಾನು ಮಕ್ಕಳನ್ನು ಠಾಣೆ ಖಾಡಿಯ ದಂಡೆಯ ಐರೋಳಿಗೆ ಕರೆದುಕೊಂಡು ಹೋಗುತ್ತೇನೆ. ಠಾಣೆ ಖಾಡಿಯನ್ನು 2015ರಲ್ಲಿ ರಾಜಹಂಸಗಳ ಅಭಯಾರಣ್ಯ ಅಂತ ಘೋಷಿಸಿದರು, 2022ರಲ್ಲಿ ಅದು ರಾಮ್ಸರ್ ತಾಣವಾಯಿತು, ಅಂದರೆ ಜಗತ್ತಿಗೇ ಮುಖ್ಯವಾದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಐರೋಳಿಯ ಕೇಂದ್ರದಿಂದ ದೋಣಿಯೂ ಇದೆ, ಅದು ಹೊರಡುವುದೂ ನೀರಿನ ಹೊತ್ತು ನೋಡಿಯೇ. ಈ ಹಕ್ಕಿಯ ಮರಿ ಬೂದು ಬಣ್ಣದ್ದು. ತಿನ್ನುವ ಪಾಚಿ, ಸಣ್ಣ ಜೀವಿಗಳಲ್ಲಿರುವ ಬಣ್ಣದಿಂದ ದೊಡ್ಡದಾಗುತ್ತಾ ಗುಲಾಬಿಯಾಗುತ್ತದೆ. ಊಟ ಬಿಡುವ ಮಗುವಿಗೆ ಇದಕ್ಕಿಂತ ಚೆಂದದ ಕತೆ ಬೇಕಾ?

ಧಾರಾವಿ ಪಕ್ಕದ ಮಹಾರಾಷ್ಟ್ರ ನೇಚರ್ ಪಾರ್ಕನ್ನು ತುಂಬ ಜನ ನೋಡಿಯೇ ಇಲ್ಲ. ಮಿಠಿ ನದಿಯ ದಂಡೆಯಲ್ಲಿದೆ. ಸುಮಾರು 37 ಎಕರೆ. ಒಂದು ಕಾಲಕ್ಕೆ ಊರಿನ ಕಸ ಸುರಿಯುತ್ತಿದ್ದ ಜಾಗ ಅದು. ಈಗ ಕಾಡು. ಸಯಾನ್ ಸ್ಟೇಷನ್ನಿನಿಂದ ಹತ್ತಿರ. ಧಾರಾವಿ, ಸಯಾನ್ ಕಡೆಯ ನಮ್ಮ ಮಕ್ಕಳಿಗೆ ಇದು ಅಂಗಳವಾಗಬೇಕು.

ಬೋರಿವಲಿಯ ಕಾಡು ಸುಮಾರು 104 ಚದರ ಕಿಲೋಮೀಟರ್. ಸೋಮವಾರ ರಜೆ. ಚಿರತೆಗಳಿರುವ ಕಾಡು, ಹಾಗಾಗಿ ಚಿಕ್ಕ ಮಕ್ಕಳನ್ನು ಹಿಂದೆ ಬಿಟ್ಟು ನಡೆಯಬಾರದು, ಸಂಜೆಗೆ ಮೊದಲೇ ಹೊರಗೆ ಬರಬೇಕು. ಅಲ್ಲಿಯ ಕಾರ್ವಿ ಗಿಡದ ಬಗ್ಗೆ ಹೇಳದೆ ಇರಲಾರೆ. ಅದು ಎಂಟು ವರ್ಷಕ್ಕೊಮ್ಮೆ ಹೂ ಬಿಡುತ್ತದೆ. ಬೆಟ್ಟವೆಲ್ಲ ನೇರಳೆ. 2016ರಲ್ಲಿ ಅರಳಿತ್ತು. ಆಗ ನನ್ನ ತರಗತಿಯ ಒಬ್ಬ ಹುಡುಗಿಗೆ ಆರು ವರ್ಷ, ನನ್ನ ಕೈ ಹಿಡಿದು ನಡೆದಿದ್ದಳು. 2024ರಲ್ಲಿ ಮತ್ತೆ ಅರಳಿತು. ಹದಿನಾಲ್ಕರ ಅವಳು ಇಳಿಜಾರಿನಲ್ಲಿ ನನ್ನ ಕೈ ಹಿಡಿದು ಇಳಿಸಿದಳು. ಇನ್ನು 2032. “ಟೀಚರ್, ಆಗ ನಾನು ಇಪ್ಪತ್ತೆರಡು” ಅಂದಳು. ವಯಸ್ಸನ್ನು ಹೂವಿನಿಂದ ಲೆಕ್ಕ ಹಾಕುವ ಹುಡುಗಿಯ ಕತೆ ಬರೆಯುತ್ತಿದ್ದೇನೆ, ಇನ್ನೂ ಮುಗಿದಿಲ್ಲ.

ಬರೆಯಲು ಕೂತಾಗ

ಮುಂಬಯಿಯ ಮಗುವಿಗೆ ಕನ್ನಡ ಅಕ್ಷರ ಹೆಚ್ಚಾಗಿ ಮೂರನೆಯದು. ಇಂಗ್ಲಿಷ್, ದೇವನಾಗರಿ ಆದ ಮೇಲೆ ನಮ್ಮದು ಬರುತ್ತದೆ. ಮಾತು ಚೆನ್ನಾಗಿ ಬಂದರೂ ಒತ್ತಕ್ಷರ ಕಂಡ ಕೂಡಲೇ ನಿಲ್ಲುತ್ತಾರೆ. ಆದ್ದರಿಂದ ಮೊದಲ ಓದಿನ ಕತೆಗಳನ್ನು ಒತ್ತಕ್ಷರವಿಲ್ಲದೆ ಬರೆಯಿರಿ. ಕಷ್ಟ ಅನಿಸಬಹುದು, ಆದರೆ ಪ್ರಾಣಿಗಳೇ ಸಹಾಯಕ್ಕೆ ಬರುತ್ತವೆ. ಏಡಿ, ಆಮೆ, ಇಲಿ, ಗಿಳಿ, ಗೂಬೆ, ಮೀನು, ಅಳಿಲು, ನವಿಲು, ಬಸವನಹುಳು ಯಾವುದಕ್ಕೂ ಒತ್ತಿಲ್ಲ. ಕೆಂಬೂತಕ್ಕೂ ಇಲ್ಲ! ರತ್ನಪಕ್ಷಿ ಚೆಂದದ ಹೆಸರು, ಆದರೆ ಎರಡು ಒತ್ತು. ಅದನ್ನು ಎರಡು ವರ್ಷ ಬಿಟ್ಟು ತರೋಣ.

ನನ್ನ ಪುಟ್ಟ ಪುಸ್ತಕ ಹೀಗೆ ಶುರುವಾಗುತ್ತದೆ: ‘ಪೊದೆ ಅಲುಗಿತು. ಯಾರು? ಇಲಿಯಾ? ಅಳಿಲಾ? ಊಪ್ ಊಪ್ ಊಪ್! ಓ, ಕೆಂಬೂತ!’

ಒತ್ತಿಲ್ಲದ್ದು ಆದ ಮೇಲೆ ಹಕ್ಕಿ, ಚಿಟ್ಟೆ, ಕಪ್ಪೆ ತರಹದ, ಅದೇ ಅಕ್ಷರ ಒತ್ತಾಗುವ ಶಬ್ದಗಳು. ಕೊನೆಗೆ ಉಳಿದವು. ಮಗು ಏಳು ಎಂಟು ವರ್ಷ ದಾಟಿದ್ದರೆ, ಓದು ಹರಿಯುತ್ತಿದ್ದರೆ ಇದರ ಚಿಂತೆ ಬೇಡ.

ಎಲ್ಲ ಹಕ್ಕಿಯನ್ನೂ ‘ಚಿಲಿಪಿಲಿ’ ಅನ್ನಿಸಬೇಡಿ. ಕಿವಿಗೊಟ್ಟು ಕೇಳಿ. ಕುಟ್ರಹಕ್ಕಿ ‘ಟುಕ್ ಟುಕ್ ಟುಕ್’ ಅಂತ ತಾಮ್ರ ಬಡಿದ ಹಾಗೆ ಒಂದೇ ಸಮನೆ ಕೂಗುತ್ತದೆ. ಮರಾಠಿಯಲ್ಲಿ ಅದಕ್ಕೆ ತಾಂಬಟ ಅಂತ ಹೆಸರು ಬಂದದ್ದೇ ಅದರಿಂದ. ನೀವು ಕೇಳಿದ ಸದ್ದನ್ನು ಹಾಗೇ ಬರೆದರೆ ಮಗು ನಾಳೆ ಕಿಟಕಿಯಲ್ಲಿ ಅದನ್ನೇ ಕೇಳಿ ಗುರುತು ಹಿಡಿಯುತ್ತದೆ.

ತಪ್ಪಾಗದ ಹಾಗೆ ನೋಡಿಕೊಳ್ಳಿ. ನನ್ನ ಹಳೆಯ ಒಂದು ಕತೆಯಲ್ಲಿ ತಾಯಿ ಕೋಗಿಲೆ ‘ಕುಹೂ’ ಅಂತ ಹಾಡಿ ಮರಿಗಳನ್ನು ಮಲಗಿಸುತ್ತಾಳೆ. ಎರಡೂ ತಪ್ಪು. ಹಾಗೆ ಹಾಡುವುದು ಗಂಡು, ಕಪ್ಪು ಬಣ್ಣದ್ದು. ಹೆಣ್ಣಿಗೆ ಕಂದು ಮೈ, ಬಿಳಿ ಚುಕ್ಕೆ, ಅದರ ಕೂಗೇ ಬೇರೆ. ಮೊಟ್ಟೆ ಇಡುವುದು ಕಾಗೆಯ ಗೂಡಿನಲ್ಲಿ, ಮರಿ ಸಾಕುವುದು ಕಾಗೆ. ಆ ಕತೆಯನ್ನು ಓದಿ ಬೆಳೆದ ಮಕ್ಕಳು ಎಷ್ಟೋ ಮಂದಿ. ನನಗೆ ಅದು ಇವತ್ತಿಗೂ ನೋವು. ಈಗ ಯಾವ ಕತೆಯನ್ನೇ ಆಗಲಿ ಹಕ್ಕಿ ಬಲ್ಲವರೊಬ್ಬರಿಗೆ ತೋರಿಸದೆ ಕೊಡುವುದಿಲ್ಲ. ಪ್ರಾಣಿಗಳು ಮಾತಾಡಲಿ, ಜಗಳವಾಡಲಿ, ತೊಂದರೆ ಇಲ್ಲ. ಆದರೆ ಅವು ತಿನ್ನುವುದು, ಗೂಡು ಕಟ್ಟುವುದು, ಹುಟ್ಟುವುದು ನಿಜ ಇದ್ದ ಹಾಗೇ ಇರಬೇಕು.

ಆ ನಿಜವೇ ಕತೆಗೆ ದಾರಿ ತೋರಿಸುತ್ತದೆ. ಕೆಂಬೂತ ಕೋಗಿಲೆಯ ಬಳಗಕ್ಕೆ ಸೇರಿದ ಹಕ್ಕಿ. ಆದರೆ ಅದು ತನ್ನ ಗೂಡನ್ನು ತಾನೇ ಕಟ್ಟುತ್ತದೆ, ತನ್ನ ಮರಿಗಳನ್ನು ತಾನೇ ಸಾಕುತ್ತದೆ. ಬಸವನಹುಳು, ಹಲ್ಲಿ, ಹುಳಹುಪ್ಪಟೆ ಹುಡುಕಿ ತಿನ್ನುತ್ತದೆ. ಇಷ್ಟು ಗೊತ್ತಾದ ಮೇಲೆ ಗಾದೆಯಲ್ಲಿ ಅದನ್ನು ನಾಚಿಸುವುದು ನನಗೆ ಸರಿ ಕಾಣಲಿಲ್ಲ. ನನ್ನ ಕತೆಯಲ್ಲಿ ನವಿಲು ಕುಣಿಯುತ್ತದೆ, ಕೆಂಬೂತ ನೋಡುತ್ತದೆ, ನೋಡಿ ಸಂತೋಷಪಟ್ಟು ಗೂಡಿಗೆ ಕಡ್ಡಿ ತರಲು ಹೋಗುತ್ತದೆ. ಅಷ್ಟೇ. ಕೊನೆಯಲ್ಲಿ ‘ನೀತಿ’ ಬರೆಯುವುದನ್ನು ನಾನು ಬಿಟ್ಟೆ. ನೀವೂ ಬಿಡಿ. ಮಗು ಹಕ್ಕಿಯನ್ನು ನೋಡುತ್ತಿರುವಾಗ ನಾವು ಮಧ್ಯೆ ಬಂದು ನಿಲ್ಲಬಾರದು.

ಹಂಚುವುದು

ಪ್ರಕಾಶಕರಿಗಾಗಿ ಕಾಯಬೇಡಿ. ಒಂದು ಎ4 ಹಾಳೆ ಸಾಕು. ಹಾಳೆಯನ್ನು ಮಡಚಿ ಮಡಚಿ ಎಂಟು ಸಮನಾದ ಮನೆಗಳ ಗೆರೆ ಮೂಡಿಸಿ, ಬಿಡಿಸಿ. ಈಗ ಅಡ್ಡಕ್ಕೆ ಅರ್ಧ ಮಡಚಿ, ಮಡಚಿದ ಕಡೆಯಿಂದ ನಡುಗೆರೆಯ ಮೇಲೆ ಒಂದು ಮನೆಯಷ್ಟು ಮಾತ್ರ ಕತ್ತರಿಸಿ. ಬಿಡಿಸಿದರೆ ಹಾಳೆಯ ನಡುವೆ ಒಂದು ಸೀಳು ಇರುತ್ತದೆ. ಉದ್ದಕ್ಕೆ ಮಡಚಿ ಎರಡು ತುದಿಗಳನ್ನು ಒಳಗೆ ತಳ್ಳಿದರೆ ಸೀಳು ಬಾಯಿ ಬಿಟ್ಟು ಎಂಟು ಪುಟದ ಪುಸ್ತಕವಾಗುತ್ತದೆ. ಅಂಟು ಬೇಡ, ಪಿನ್ನು ಬೇಡ. ಮೊದಲು ಒಂದು ಖಾಲಿ ಹಾಳೆಯಲ್ಲಿ ಮಾಡಿ, ಪುಟಗಳಿಗೆ ಅಂಕಿ ಬರೆದು ಬಿಡಿಸಿ ನೋಡಿ. ಯಾವ ಪುಟ ಎಲ್ಲಿ, ಯಾವುದು ತಲೆಕೆಳಗೆ ಅಂತ ತಿಳಿಯುತ್ತದೆ. ಬರಹ, ಚಿತ್ರ ಎಲ್ಲ ಒಂದೇ ಬದಿಗೆ ಬರುವುದರಿಂದ ಜೆರಾಕ್ಸ್ ಅಂಗಡಿಯಲ್ಲಿ ಬೇಕಾದಷ್ಟು ಪ್ರತಿ ತೆಗೆಸಬಹುದು. ಬಣ್ಣವನ್ನು ಮಕ್ಕಳೇ ಹಾಕಲಿ.

ಹೆಚ್ಚು ಜನರಿಗೆ ತಲುಪಬೇಕಾದರೆ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಇದೆ. ಅಲ್ಲಿ ಕನ್ನಡದ ಕತೆಗಳನ್ನು ಉಚಿತವಾಗಿ ಓದಬಹುದು, ಇಳಿಸಿಕೊಳ್ಳಬಹುದು, ಅನುವಾದಿಸಬಹುದು. ನೀವೇ ಬರೆದು ಹಾಕಲೂಬಹುದು. ಬೇರೆಯವರ ಚಿತ್ರ ಬಳಸಿದರೆ ಅವರ ಹೆಸರು ಬರೆಯುವುದನ್ನು ಮರೆಯಬೇಡಿ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಅರ್ಲಿ ಬರ್ಡ್ ತಂಡ ಮಕ್ಕಳಿಗಾಗಿ ಹಕ್ಕಿಗಳ ಪೋಸ್ಟರು, ಚಿತ್ರದ ಕಾರ್ಡುಗಳನ್ನು ಕನ್ನಡದಲ್ಲೂ ಮಾಡಿದೆ. ನಮ್ಮ ತರಗತಿಯ ಗೋಡೆಯ ಮೇಲೆ ಒಂದು ಇದೆ.

ಅಚ್ಚಿಗೆ ಮೊದಲು ಮಕ್ಕಳಿಗೆ ಗಟ್ಟಿಯಾಗಿ ಓದಿ. ಎಲ್ಲಿ ಕಾಲು ಅಲ್ಲಾಡಿಸಲು ಶುರು ಮಾಡುತ್ತಾರೋ ಆ ವಾಕ್ಯದ ಪಕ್ಕ ಪೆನ್ಸಿಲ್ ಗುರುತು ಹಾಕಿ. ಮನೆಗೆ ಬಂದು ಅದನ್ನು ತೆಗೆಯಿರಿ. ನಾನು ತುಂಬ ಪ್ರೀತಿಸಿದ ವಾಕ್ಯಗಳು ಹೀಗೆ ಹೋಗಿವೆ. ಕತೆ ಚೆನ್ನಾಗಿಯೇ ಆಗಿದೆ.

ಇನ್ನೊಂದು ಮಾತು. ಎಂಟನೆಯ ಪುಟವನ್ನು ಖಾಲಿ ಬಿಡಿ. ಮೇಲೆ ಒಂದು ಸಾಲು ಮಾತ್ರ ಇರಲಿ: ‘ನಿನ್ನ ಅಜ್ಜಿ ಇದನ್ನು ಏನಂತ ಕರೀತಾರೆ?’ ಕೆಂಬೂತದ ಪುಸ್ತಕವನ್ನು ನಲವತ್ತು ಮಕ್ಕಳಿಗೆ ಕೊಟ್ಟೆ. ಮುಂದಿನ ಭಾನುವಾರ ಹದಿನೇಳು ಮಕ್ಕಳು ಆ ಪುಟ ತುಂಬಿಸಿಕೊಂಡು ಬಂದರು. ಊರಿಗೆ ಫೋನ್ ಮಾಡಿ ಕೇಳಿದವರೇ ಜಾಸ್ತಿ. ‘ಕೆಂಪು ಭೂತಾನಾ’ ಅಂತ ಕೇಳಿದ್ದ ಹುಡುಗಿಯ ಪುಟದಲ್ಲಿ ಅವಳ ಅಜ್ಜಿ ಹೇಳಿದ ಹೆಸರಿತ್ತು, ಪಕ್ಕದಲ್ಲಿ ಅವಳೇ ಬಿಡಿಸಿದ ಚಿತ್ರ. ಕಣ್ಣಿಗೆ ಮಾತ್ರ ಬಣ್ಣ ಹಾಕಿದ್ದಳು, ಕೆಂಪು.